ಮೈಸೂರು ಬಿಟ್ಟು ಮೂಡಿಗೆರೆಗೆ ಹೋದ ತೇಜಸ್ವಿ

ನಮ್ಮ ಕನ್ನಡ ಸಂಘದಲ್ಲಿ ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯವರು ಒಂದಷ್ಟು ಜನ ಇದ್ದೇವೆ. ಸಿಇಟಿ ಆಪ್ಷನ್ ಎಂಟ್ರಿ ಮಾಡಿದ ದಿನದ ನೆನಪು ನಮಗೆಲ್ಲ ಹೆಚ್ಚುಕಮ್ಮಿ ಒಂದೇ. ಹೊರಗೆ ಜಡಿಮಳೆ, ಕರೆಂಟು ಹೋಗಿ ಎರಡು ದಿನ, ಕಳಸದ ಹತ್ತಿರ ಹೆಬ್ಬಾಳೆ ಸೇತುವೆ ಮೇಲೆ ಭದ್ರಾ ಹೊಳೆ ಹರೀತಾ ಇದೆ, ನಾವು ಸಿಗ್ನಲ್ ಸಿಗಲಿ ಅಂತ ಮೊಬೈಲ್ ಹಿಡಕೊಂಡು ಗುಡ್ಡ ಹತ್ತಿದ್ದೇವೆ. ಪಟ್ಟಿಯಲ್ಲಿ ಮೊದಲಿಗೆ ಹಾಕಿದ್ದೆಲ್ಲ ಬೆಂಗಳೂರಿನ ಕಾಲೇಜುಗಳೇ. ಚಿಕ್ಕಮಗಳೂರಿನಲ್ಲಿ 1980ರಿಂದಲೂ ಇಂಜಿನಿಯರಿಂಗ್ ಕಾಲೇಜು ಇದೆ. ಅದನ್ನು ಕೊನೆಗೆ ಬರೆದೆವು, ಕೆಲವರು ಬರೆಯಲೇ ಇಲ್ಲ.

ಯಾಕೆ ಅಂತ ಕೇಳಿದರೆ ಪ್ಲೇಸ್‌ಮೆಂಟ್ ಅಂತೀವಿ. ಸುಳ್ಳಲ್ಲ, ಆದರೆ ಅದು ಮನೆಯವರಿಗೆ ಹೇಳುವ ಕಾರಣ. ನಮ್ಮೊಳಗೇ ಇದ್ದ ಕಾರಣ ಬೇರೆ. ಯಾರ ಮಗ, ಯಾರ ಮಗಳು ಅಂತ ಗೊತ್ತಿಲ್ಲದ ಒಂದು ಊರು ಬೇಕಿತ್ತು. ತೋಟದ ಕೆಲಸ ನಾಲ್ಕು ವರ್ಷವಾದರೂ ಕಣ್ಣಿಗೆ ಬೀಳಬಾರದಿತ್ತು. ಇಲ್ಲೇ ಉಳಿದುಬಿಟ್ಟರೆ ಸೋತ ಹಾಗೆ ಅನ್ನೋ ಭಾವನೆಯನ್ನು ಯಾರೋ ಹೈಸ್ಕೂಲಿನಲ್ಲೇ ತಲೆಗೆ ತುಂಬಿದ್ದರು.

ಹೀಗೆ ಓಡಿ ಬಂದ ನಾವೇ ಪ್ರತಿ ಸೆಪ್ಟೆಂಬರ್ 8ಕ್ಕೆ ಪೂರ್ಣಚಂದ್ರ ತೇಜಸ್ವಿಯವರ ಚಿತ್ರ ಇಟ್ಟು ಅವರ ಹುಟ್ಟುಹಬ್ಬ ಮಾಡ್ತೀವಿ. ನಮ್ಮಲ್ಲಿ ಅವರ ಗಡ್ಡದ ಮುಖದ ಟೀಶರ್ಟ್ ಹಾಕದವರು ಕಮ್ಮಿ. ಈ ಸಲ ಯಾರೋ ಒಬ್ಬರು ಒಂದು ಮಾತು ಎತ್ತಿದರು: ಇವರು ನಾವು ಬಂದ ದಾರಿಗೆ ಉಲ್ಟಾ ಹೋದವರಲ್ವಾ? ಆ ಮಾತಿನಿಂದ ಹುಟ್ಟಿದ್ದು ಈ ಬರಹ.

ಕತೆ ಅವರ ತಂದೆಯಿಂದ ಶುರುಮಾಡಬೇಕು. ಕುವೆಂಪು ಹುಟ್ಟಿದ್ದು 1904ರಲ್ಲಿ, ನಮ್ಮದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ; ಅದು ತಾಯಿಯ ತವರು. ಬೆಳೆದದ್ದು ತೀರ್ಥಹಳ್ಳಿ ಹತ್ತಿರದ ಕುಪ್ಪಳಿಯಲ್ಲಿ. ತೀರ್ಥಹಳ್ಳಿಯಲ್ಲಿ ಓದು ಮುಗಿಸಿ ಮುಂದೆ ಓದಬೇಕು ಅಂದಾಗ ಮಲೆನಾಡಿನ ಆ ಹುಡುಗ ಮೈಸೂರಿಗೆ ಹೋಗಲೇಬೇಕಾಯಿತು. ಆಪ್ಷನ್ ಎಂಟ್ರಿ ಅನ್ನೋ ತಲೆನೋವೇ ಇಲ್ಲ, ಇದ್ದದ್ದು ಒಂದೇ ಆಪ್ಷನ್. 1927ರಲ್ಲಿ ಮಹಾರಾಜಾ ಕಾಲೇಜಿನಿಂದ ಬಿ.ಎ., 1929ರಲ್ಲಿ ಎಂ.ಎ. ಮುಗಿಸಿದರು. ಹಾಸ್ಟೆಲ್ಲಿನ ಕಷ್ಟ ನಮಗೆ ಮಾತ್ರ ಅಂದುಕೊಂಡಿದ್ದರೆ ತಪ್ಪು. ಬಾಡಿಗೆ ರೂಮಿನಲ್ಲಿ ಕಾಯಿಲೆ ಬಿದ್ದ ಅವರಿಗೆ ಆಸರೆ ಸಿಕ್ಕಿದ್ದು ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ. ಸುಮಾರು ಹತ್ತು ವರ್ಷ ಅಲ್ಲೇ ಇದ್ದರು. ಅದೇ ಕಾಲೇಜಿನಲ್ಲಿ ಮೇಷ್ಟ್ರಾಗಿ, ಪ್ರಿನ್ಸಿಪಾಲರಾಗಿ, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು. ಮಾನಸಗಂಗೋತ್ರಿ ಕ್ಯಾಂಪಸ್ಸನ್ನು ಕಟ್ಟಿಸಿದ್ದು, ಆ ಹೆಸರಿಟ್ಟಿದ್ದು ಅವರೇ. ಮಲೆನಾಡನ್ನು ಕುರಿತು ಅಷ್ಟು ಬರೆದವರು ಬದುಕಿಗಾಗಿ ಅಲ್ಲಿಗೆ ಮರಳಲಿಲ್ಲ.

ತೇಜಸ್ವಿ ಹುಟ್ಟಿದ್ದು 1938ರಲ್ಲಿ. ಬೆಳೆದದ್ದು ಮೈಸೂರಿನ ಉದಯರವಿ ಮನೆಯಲ್ಲಿ. ಅಂದರೆ ನಾವು ಯಾವುದಕ್ಕಾಗಿ ಊರು ಬಿಡ್ತೀವೋ ಅದೆಲ್ಲ ಅವರ ಮನೆ ಬಾಗಿಲಲ್ಲೇ ಇತ್ತು. ದೊಡ್ಡ ಕಾಲೇಜು, ದೊಡ್ಡ ಲೈಬ್ರರಿ, ದೊಡ್ಡ ಹೆಸರು. ಕನ್ನಡದಲ್ಲಿ ಎಂ.ಎ. ಮಾಡಿದರು. ಕುಲಪತಿಯಾಗಿದ್ದವರ ಮಗ, ಕೈಯಲ್ಲಿ ಎಂ.ಎ., ಮೇಷ್ಟ್ರ ಕೆಲಸ ಕಾದಿರುತ್ತೆ ಅಂತಲೇ ಎಲ್ಲರೂ ಅಂದುಕೊಳ್ಳೋದು. ಅವರು ಅರವತ್ತರ ದಶಕದ ಮೊದಲ ಭಾಗದಲ್ಲಿ ಮೂಡಿಗೆರೆಗೆ ಹೋಗಿ ಭೂತನಕಾಡಿನಲ್ಲಿ ತೋಟ ಮಾಡಿದರು. ಅದಕ್ಕೆ ಚಿತ್ರಕೂಟ ಅಂತ ಹೆಸರು.

ಹಾಗಾದರೆ ಕಾಲೇಜು ಅವರಿಗೆ ದಂಡವಾಯಿತಾ? ನಮಗೆ ಹಾಗನ್ನಿಸೋದಿಲ್ಲ. ಮೈಸೂರಿನಲ್ಲಿ ಸಿಕ್ಕಿದ್ದು ಡಿಗ್ರಿಗಿಂತ ಹೆಚ್ಚಾಗಿ ಜನ. ಕೆ. ರಾಮದಾಸ್, ಕಡಿದಾಳು ಶಾಮಣ್ಣ ಅವರಂಥ ಗೆಳೆಯರು, ಲೋಹಿಯಾ ಸಮಾಜವಾದದ ಚರ್ಚೆಗಳು, ಸಂಗೀತ, ಫೋಟೋಗ್ರಫಿ. ಶಾಮಣ್ಣ ಮುಂದೆ ರೈತ ಚಳವಳಿಯ ದೊಡ್ಡ ಹೆಸರಾದರು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದ ರಾಜೇಶ್ವರಿಯವರು ಪರಿಚಯವಾದದ್ದೂ ಮೈಸೂರಿನಲ್ಲೇ. ಜಾತಿ, ವರದಕ್ಷಿಣೆ, ಪುರೋಹಿತರು ಯಾವುದೂ ಇಲ್ಲದ ಸರಳ ಮದುವೆಗೆ ಕುವೆಂಪು ರೂಪಿಸಿದ್ದು ಮಂತ್ರಮಾಂಗಲ್ಯ. 1966ರಲ್ಲಿ ತೇಜಸ್ವಿ ಮತ್ತು ರಾಜೇಶ್ವರಿ ಮದುವೆಯಾದದ್ದು ಅದೇ ಪದ್ಧತಿಯಲ್ಲಿ, ಚಿತ್ರಕೂಟದಲ್ಲಿ. ಇಲ್ಲಿ ಒಂದು ಮಾತು ಸೇರಿಸಲೇಬೇಕು. ತೇಜಸ್ವಿ ಊರು ಬಿಟ್ಟರು ಅಂತ ನಾವು ಕುಣೀತೀವಿ, ಬೆಂಗಳೂರಿನ ಹುಡುಗಿಯೊಬ್ಬಳು ಎಂ.ಎ. ಮುಗಿಸಿ ಆ ಕಾಲದ ಮೂಡಿಗೆರೆಯ ಕಾಡಿನ ತೋಟಕ್ಕೆ ಹೋಗಿ ಜೀವಮಾನ ಕಳೆದದ್ದನ್ನು ಮರೆತುಬಿಡ್ತೀವಿ. ಅವರ ನನ್ನ ತೇಜಸ್ವಿ ಪುಸ್ತಕ ಓದಿ, ತೋಟದ ಬದುಕು ಅರ್ಥವಾಗುತ್ತೆ.

ಆಮೇಲಿನದು ನಿಮಗೆ ಗೊತ್ತಿರೋದೇ, ಆದ್ದರಿಂದ ಬೇಗ ಹೇಳಿಬಿಡ್ತೀವಿ. 1973ರಲ್ಲಿ ಅಬಚೂರಿನ ಪೋಸ್ಟಾಫೀಸು, 1980ರಲ್ಲಿ ಕರ್ವಾಲೊ, 1985ರಲ್ಲಿ ಚಿದಂಬರ ರಹಸ್ಯ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಪರಿಸರದ ಕತೆ, ಜುಗಾರಿ ಕ್ರಾಸ್, ಹಕ್ಕಿಗಳ ಪುಸ್ತಕಗಳು, ಮಿಲೇನಿಯಂ ಸರಣಿ. ಬಂದೂಕು ಹಿಡಿದು ಶಿಕಾರಿಗೆ ಹೋಗುತ್ತಿದ್ದವರು ಬರ್ತಾ ಬರ್ತಾ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದರು. ಗಾಳ ಹಾಕಿ ಮೀನು ಹಿಡಿಯುವ ಹುಚ್ಚು ಬೇರೆ.

ಕರ್ವಾಲೊ ಬಗ್ಗೆ ಸ್ವಲ್ಪ ನಿಲ್ಲಬೇಕು. ಎಲ್ಲರೂ ನೆನಪಿಟ್ಟುಕೊಳ್ಳೋದು ಹಾರುವ ಓತಿಯನ್ನು. ನಮಗೆ ಈಗ ಓದಿದಾಗ ಕಂಡಿದ್ದು ಕತೆ ಹೇಳುವವನ ಬೇಜಾರು. ವ್ಯವಸಾಯ ಸಾಕಾಗಿ, ತೋಟ ಮಾರಿ ಹೊರಟುಬಿಡೋಣ ಅಂತಿರುವ ಮನುಷ್ಯ ಅವನು. ಅವನನ್ನು ಹಿಡಿದು ನಿಲ್ಲಿಸೋದು ಉಪದೇಶ ಅಲ್ಲ, ಕುತೂಹಲ. ಕರ್ವಾಲೊ ಅನ್ನೋ ವಿಜ್ಞಾನಿ, ಓದು ತಲೆಗೆ ಹತ್ತದ ಮಂದಣ್ಣ ಇಬ್ಬರೂ ಒಂದೇ ಪ್ರಾಣಿಯ ಹಿಂದೆ ಬಿದ್ದಿರ್ತಾರೆ. ಕಾಡು ಗೊತ್ತಿರೋದು ಮಂದಣ್ಣನಿಗೆ, ಅವನಿಗೆ ಗೊತ್ತಿರೋದರ ಬೆಲೆ ಗೊತ್ತಿರೋದು ಕರ್ವಾಲೊಗೆ. ನಮ್ಮಲ್ಲೊಬ್ಬನ ಮನೆಯಲ್ಲಿ ಈಗ ನಿಜವಾಗಿಯೂ ಮೂರು ಎಕರೆ ತೋಟ ಮಾರುವ ಮಾತು ನಡೀತಿದೆ. ಮಳೆ ಹೆಚ್ಚಾಗಿ ಕಾಯಿ ಉದುರಿತು, ಕೊಯ್ಲಿಗೆ ಜನ ಸಿಗಲ್ಲ, ಮಗ ಹೇಗೂ ವಾಪಸ್ ಬರಲ್ಲ ಅಂತ ಅವರಪ್ಪನ ಲೆಕ್ಕ. ಆ ಪುಟಗಳನ್ನು ಓದಿ ಅವನು ಆವತ್ತು ಮೆಸ್ಸಿಗೆ ಊಟಕ್ಕೇ ಬರಲಿಲ್ಲ.

ಇಂಜಿನಿಯರಿಂಗ್ ಓದುವ ನಮಗೆ ತೇಜಸ್ವಿಯವರ ಕೊನೆಯ ವರ್ಷಗಳ ಕೆಲಸವೇ ಹೆಚ್ಚು ಹತ್ತಿರ. ಆಗ ಕಂಪ್ಯೂಟರಿನಲ್ಲಿ ಕನ್ನಡ ಅಂದರೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಕೋಡ್. ಒಂದರಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು. ಇದು ಫಾಂಟಿನ ಅಂದಚಂದದ ವಿಷಯವಲ್ಲ, ಭಾಷೆಯ ಅಳಿವು ಉಳಿವಿನ ವಿಷಯ ಅಂತ ಹಟ ಹಿಡಿದವರಲ್ಲಿ ತೇಜಸ್ವಿ ಒಬ್ಬರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೂಲಕ ಕುವೆಂಪು ತಂತ್ರಾಂಶ ಹೊರಬಂದದ್ದರ ಹಿಂದೆ ಅವರ ಒತ್ತಾಸೆ ಇತ್ತು. ಯೋಚನೆ ಮಾಡಿ: ಟೆಕ್ನಿಕಲ್ ಡಿಗ್ರಿ ಇಲ್ಲದ, ಮಳೆಗಾಲದಲ್ಲಿ ಕರೆಂಟೇ ನೆಟ್ಟಗಿರದ ಊರಿನ ಕಾಫಿ ಬೆಳೆಗಾರರೊಬ್ಬರು ಎನ್‌ಕೋಡಿಂಗ್ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ಬೆಂಗಳೂರಿನಲ್ಲಿ ಕೂತ ನಾವು ಕನ್ನಡ ಕೀಬೋರ್ಡ್ ಹಾಕಿಕೊಳ್ಳೋಕೆ ಸೋಮಾರಿತನ ಮಾಡಿ ವಾಟ್ಸ್ಯಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೀತೀವಿ.

ಇಷ್ಟೆಲ್ಲ ಬರೆದು ನಾವು ಮೋಸ ಮಾಡಬಾರದು. ತೇಜಸ್ವಿಯವರ ದಾರಿ ಎಲ್ಲರಿಗೂ ತೆರೆದಿರಲಿಲ್ಲ. ನಗರವನ್ನು ಬೇಡ ಅನ್ನೋಕೆ ಮೊದಲು ನಗರ ಕೈಯಲ್ಲಿರಬೇಕು, ತೋಟ ಮಾಡೋಕೆ ಜಮೀನು ಇರಬೇಕು. ನಮ್ಮ ಸಂಘದಲ್ಲೇ ಎಸ್ಟೇಟಿನ ಲೈನ್ ಮನೆಯಲ್ಲಿ ಬೆಳೆದವಳೊಬ್ಬಳಿದ್ದಾಳೆ. ಊರಿಗೆ ವಾಪಸ್ ಹೋಗಿ ಅಂತ ನಾವು ಭಾವುಕರಾಗಿ ಮಾತಾಡ್ತಾ ಇದ್ದಾಗ, ಅವಳು ಯಾರ ತೋಟಕ್ಕೆ ಅಂತ ಕೇಳಿದಳು. ಉತ್ತರ ಇರಲಿಲ್ಲ. ಅವಳಿಗೆ ಬೆಂಗಳೂರಿನ ಕಾಲೇಜು ಬೇಕೇ ಬೇಕು, ಕುವೆಂಪು ಅವರಿಗೆ ಮೈಸೂರು ಬೇಕಾಗಿದ್ದ ಹಾಗೆ.

ಮುಂದೆ ತೇಜಸ್ವಿ ಮೂಡಿಗೆರೆ ಹ್ಯಾಂಡ್‌ಪೋಸ್ಟ್ ಬಳಿ ಮನೆ ಮಾಡಿ ಅದಕ್ಕೆ ನಿರುತ್ತರ ಅಂತ ಹೆಸರಿಟ್ಟರು. 2007ರ ಏಪ್ರಿಲ್ 5ರಂದು ತೀರಿಕೊಂಡದ್ದು ಅಲ್ಲೇ. ರಾಜೇಶ್ವರಿಯವರು 2021ರವರೆಗೆ ಇದ್ದರು. ಈಗ ಕೊಟ್ಟಿಗೆಹಾರದಲ್ಲಿ ತೇಜಸ್ವಿ ಪ್ರತಿಷ್ಠಾನ ಇದೆ. ಚಾರ್ಮಾಡಿಗೆ ಟ್ರಿಪ್ ಹೋಗುವಾಗ ನೀರ್‌ದೋಸೆ ತಿನ್ನೋಕೆ ನಿಲ್ಲಿಸುವವರು ಹತ್ತು ನಿಮಿಷ ಅಲ್ಲಿಗೂ ಹೋಗಿಬನ್ನಿ.

ದೀಪಾವಳಿ ರಜೆಗೆ ನಾವು ಹತ್ತುವ ರಾತ್ರಿ ಬಸ್ಸು ಬೆಳಗಿನ ಜಾವ ಹ್ಯಾಂಡ್‌ಪೋಸ್ಟ್ ಮುಟ್ಟುತ್ತೆ. ಮಂಜಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಇಳಿಯುವವರಲ್ಲಿ ಅರ್ಧಕ್ಕರ್ಧ ನಮ್ಮ ವಯಸ್ಸಿನವರೇ. ಮೂರು ಎಕರೆಯ ಆ ಗೆಳೆಯ ಈ ಸಲ ಹೋದಾಗ, ಮಾರುವ ಮಾತಿಗೆ ಹೂಂ ಅನ್ನೋ ಮೊದಲು, ಅಪ್ಪನ ಹತ್ತಿರ ತೋಟದ ಲೆಕ್ಕದ ಪುಸ್ತಕ ಒಮ್ಮೆ ಕೇಳಿ ನೋಡ್ತೀನಿ ಅಂದಿದ್ದಾನೆ. ಇಷ್ಟು ವರ್ಷದಲ್ಲಿ ಅವನು ಅದನ್ನು ತೆರೆದು ನೋಡಿರಲೇ ಇಲ್ಲವಂತೆ.