ಸಂದಿಯೊಳಗೆ ಕಣ್ಣಿಟ್ಟ ಲೈಡಿಗ್

ಹೋರಿಗೆ ಬೀಜ ಒಡೆಸಿದರೆ ಅದು ಎತ್ತಾಗಿ ಸುಮ್ಮನೆ ನೊಗಕ್ಕೆ ಹೆಗಲು ಕೊಡ್ತದ. ದೇವಣಿ ದನ ಕಟ್ಟಿದ ಮೆಹಕರದ ರೈತರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬೀಜದೊಳಗೆ ಆ ಗಂಡುತನ ತಯಾರಾಗೋ ಜಾಗ ಯಾವುದು? ಅದನ್ನು ಮೊದಲು ಕಂಡು ಬರೆದಿಟ್ಟವರು ಜರ್ಮನಿಯ ಫ್ರಾಂಜ್ ಲೈಡಿಗ್. ಕಂಡದ್ದರ ಕೆಲಸವೇನು ಅನ್ನೋದು ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ.

ಲೈಡಿಗ್ ಹುಟ್ಟಿದ್ದು 1821ರ ಮೇ 21ರಂದು, ರೋಥೆನ್‌ಬುರ್ಗ್‌ನಲ್ಲಿ. ತಂದೆ ಸಣ್ಣ ನೌಕರ. ತೋಟ ಮತ್ತು ಜೇನು ಸಾಕಣೆ ಅಂದರೆ ಪ್ರಾಣ. ಹನ್ನೆರಡರ ವಯಸ್ಸಿಗೆ ಹುಡುಗನಿಗೊಂದು ಸಾದಾ ಸೂಕ್ಷ್ಮದರ್ಶಕ ಸಿಕ್ಕಿತು. ಆಮೇಲೆ ಅದನ್ನು ಬಿಟ್ಟದ್ದೇ ಇಲ್ಲ. ವುರ್ಟ್ಸ್‌ಬುರ್ಗ್‌ನಲ್ಲಿ ವೈದ್ಯಕೀಯ ಓದಿ, 1847ರಲ್ಲಿ ಡಾಕ್ಟರೇಟ್ ಪಡೆದು, ಕೋಲಿಕರ್ ಅವರ ಸಹಾಯಕರಾದರು.

1850ರಲ್ಲಿ ಅವರು ಸಸ್ತನಿಗಳ ಗಂಡು ಜನನಾಂಗಗಳ ಮೇಲೆ ಒಂದು ಲೇಖನ ಪ್ರಕಟಿಸಿದರು. ವೃಷಣ ಅಂದರೆ ವೀರ್ಯಾಣು ಹುಟ್ಟುವ ನಳಿಕೆಗಳ ಕಡೆಗೇ ಕಣ್ಣು ಹೋಗೋದು ಸಹಜ. ಇವರು ನಳಿಕೆಗಳ ನಡುವಿನ ಸಂದಿಯನ್ನೂ ನೋಡಿದರು. ಅಲ್ಲಿ ರಕ್ತನಾಳಗಳ ಸುತ್ತ, ಕೊಬ್ಬಿನಂಥ ಹನಿಗಳನ್ನು ತುಂಬಿಕೊಂಡ ಜೀವಕೋಶಗಳ ಗುಂಪು ಕಂಡಿತು. ಹಾರ್ಮೋನು ಎಂಬ ಪದವೇ ಹುಟ್ಟಲು ಇನ್ನೂ 55 ವರ್ಷ ಇತ್ತು.

ಮುಂದೆ ಟ್ಯೂಬಿಂಗೆನ್, ಬಾನ್‌ಗಳಲ್ಲಿ ಪ್ರಾಧ್ಯಾಪಕರಾಗಿದ್ದು, 1887ರಲ್ಲಿ ನಿವೃತ್ತರಾಗಿ ಹುಟ್ಟಿದೂರಿಗೆ ಮರಳಿದರು. ಆ ಸಂದಿಯ ಕೋಶಗಳೇ ರಕ್ತಕ್ಕೆ ಏನನ್ನೋ ಸುರಿಸಿ ಗಂಡು ಲಕ್ಷಣ ತರುತ್ತವೆ ಎಂದು ಫ್ರಾನ್ಸಿನ ಬುವಾಂ ಮತ್ತು ಆನ್ಸೆಲ್ 1903ರಲ್ಲಿ ವಾದಿಸಿದಾಗ ಲೈಡಿಗ್‌ಗೆ 80 ದಾಟಿತ್ತು. 1908ರ ಏಪ್ರಿಲ್ 13ರಂದು ತೀರಿಕೊಂಡರು. ಟೆಸ್ಟೋಸ್ಟೆರೋನ್ ಶುದ್ಧ ರೂಪದಲ್ಲಿ ಸಿಕ್ಕಿದ್ದು 1935ರಲ್ಲಿ.

ಅವರು ಕಂಡ ಆ ಹನಿಗಳಲ್ಲಿ ಇರೋದು ಕೊಲೆಸ್ಟರಾಲ್ ದಾಸ್ತಾನು ಅಂತ ಈಗ ನಮಗೆ ಗೊತ್ತು. ಲೈಡಿಗ್ ಕೋಶದ ಮೈಟೋಕಾಂಡ್ರಿಯಾದಲ್ಲಿ ಮೊದಲ ಕಿಣ್ವ ಅದನ್ನು ಕತ್ತರಿಸುತ್ತದೆ. ಅದರ ಹೊರಗಿನ ಪೊರೆಗಳ ಜಾಲದಲ್ಲಿ ಬೇರೆ ಕಿಣ್ವಗಳು ಒಂದೊಂದೇ ಹಂತ ಮುಗಿಸುತ್ತವೆ. ಬೆಳೆದ ಪ್ರಾಣಿಯಲ್ಲಿ ಟೆಸ್ಟೋಸ್ಟೆರೋನ್‌ವರೆಗೆ ಎಲ್ಲ ಹಂತವೂ ಈ ಒಂದೇ ಕೋಶದೊಳಗೆ ನಡೆಯಬಲ್ಲದು.

ಆದರೆ ತಾಯಿ ಹೊಟ್ಟೆಯಲ್ಲಿರೋ ಇಲಿಮರಿಯಲ್ಲಿ ಕಥೆ ಬೇರೆ. ಅದರ ಲೈಡಿಗ್ ಕೋಶಗಳಲ್ಲಿ ಕೊನೆಯ ಹಂತದ ಕಿಣ್ವವೇ ಇಲ್ಲ. ಅವು ಆಂಡ್ರೋಸ್ಟೀನ್‌ಡಯೋನ್‌ವರೆಗೆ ಮಾಡಿ ಕೈಬಿಡುತ್ತವೆ. ಮೆಕ್ಯಾನಿಕಲ್ ಗೆಳೆಯರಿಗೆ ಹೇಳೋದಾದರೆ, ಕೊನೆಯ ಮಷೀನು ಪಕ್ಕದ ಶೆಡ್ಡಿನಲ್ಲಿದೆ: ನಳಿಕೆಯಾಗಲಿರುವ ಭಾಗದೊಳಗಿನ ಸರ್ಟೋಲಿ ಕೋಶಗಳು ಅದನ್ನು ಟೆಸ್ಟೋಸ್ಟೆರೋನ್ ಮಾಡುತ್ತವೆ. ಅಂದರೆ ಮರಿ ಹುಟ್ಟುವ ಮೊದಲು, ಲೈಡಿಗ್ ನೋಡಿದ ಸಂದಿ ಅರ್ಧ ಕೆಲಸ ಮಾಡಿದರೆ, ಉಳಿದರ್ಧ ಎಲ್ಲರೂ ನೋಡುತ್ತಿದ್ದ ನಳಿಕೆಯೊಳಗೇ ನಡೀತದ.