ಕೋಟೆಯಾಚೆಗೆ ಬೀದಿ ಬಿಡಿಸಿದ ಕನ್ನಡಿಗ ಸರ್ ಮಿರ್ಜಾ ಇಸ್ಮಾಯಿಲ್

ಜಯಪುರಕ್ಕೆ ಪ್ರವಾಸ ಹೋದ ಹೊರನಾಡ ಕನ್ನಡಿಗರು ಅಲ್ಲಿನ ಎಂ. ಐ. ರೋಡ್‌ನಲ್ಲಿ ಅಡ್ಡಾಡಿರುತ್ತಾರೆ. ಆ ಎರಡಕ್ಷರಗಳು ಬೆಂಗಳೂರಿನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಮಿರ್ಜಾ ಅವರು ಜನಿಸಿದ್ದು 1883ರ ಅಕ್ಟೋಬರ್ 24ರಂದು. ಪರ್ಷಿಯಾದಿಂದ ಕುದುರೆ ವ್ಯಾಪಾರಕ್ಕೆ ಬಂದು ಬೆಂಗಳೂರಿನಲ್ಲಿ ನೆಲೆನಿಂತ ಅವರ ಅಜ್ಜ ಅಲಿ ಅಸ್ಕರ್ ಅವರ ಹೆಸರಿನ ರಸ್ತೆ ಇಂದಿಗೂ ಅಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿದ್ದ ಮಿರ್ಜಾ 1905ರಲ್ಲಿ ಪದವಿ ಪಡೆದು ಸಂಸ್ಥಾನದ ಸೇವೆಗೆ ಸೇರಿದರು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ರಸ್ತೆ, ವೃತ್ತ, ಉದ್ಯಾನಗಳನ್ನು ಸ್ವತಃ ಸುತ್ತಿ ನೋಡುವುದು ಅವರ ವಾಡಿಕೆಯಾಗಿತ್ತು.

1942ರಲ್ಲಿ ಅವರು ಜಯಪುರದ ಪ್ರಧಾನಮಂತ್ರಿಯಾದರು. ಸವಾಯಿ ಜಯಸಿಂಹ 1727ರಲ್ಲಿ ಕಟ್ಟಿಸಲಾರಂಭಿಸಿದ ಆ ನಗರ ಚೌಕಗಳ ಲೆಕ್ಕದಲ್ಲಿ ರಚಿತವಾದುದು; ರಾಜಬೀದಿಗಳು ನೇರವಾಗಿ ಸಾಗಿ ಚೌಪಡಗಳಲ್ಲಿ ಕೂಡುತ್ತವೆ. ಎರಡು ಶತಮಾನಗಳ ತರುವಾಯ ಊರು ಕೋಟೆಗೋಡೆಯನ್ನು ಮೀರಿ ಬೆಳೆಯತೊಡಗಿತ್ತು. ದಾರಿಯ ಗೊತ್ತಿಲ್ಲದೆ ಮನೆಗಳು ಎದ್ದರೆ, ಆಮೇಲೆ ಬೀದಿಗೆ ಜಾಗ ಹುಡುಕುವುದು ಅಸಾಧ್ಯ. ಆದ್ದರಿಂದ ಮಿರ್ಜಾ ಮೊದಲು ಬೀದಿಗಳನ್ನು ಯೋಜಿಸಿದರು. ಗೋಡೆಯ ದಕ್ಷಿಣಕ್ಕೆ ಹಾಯುವ ವಿಶಾಲ ರಸ್ತೆ ಅವರ ಕಾಲದಲ್ಲಿ ರೂಪುಗೊಂಡಿತು. ಹೊರವಲಯವನ್ನು 'ಎ'ಯಿಂದ 'ಇ'ವರೆಗೆ ಐದು ಬಡಾವಣೆಗಳಾಗಿ ವಿಂಗಡಿಸಲಾಯಿತು; 'ಸಿ ಸ್ಕೀಮ್' ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ.

ಇದರಲ್ಲಿ ಕೊರತೆಯೂ ಇತ್ತೆಂದು ಒಪ್ಪಿಕೊಳ್ಳಬೇಕು. ಹೊಸ ಬಡಾವಣೆಗಳ ದೊಡ್ಡ ನಿವೇಶನಗಳು ಉಳ್ಳವರ ಬಂಗಲೆಗಳಿಗೆ ಒಪ್ಪುವಂತಿದ್ದವು. ಮನೆ, ಅಂಗಡಿ, ಕುಶಲಕರ್ಮಿಗಳ ಕಾರ್ಯಾಗಾರಗಳು ಒಂದೇ ಗಲ್ಲಿಯಲ್ಲಿ ಕೂಡಿ ಬಾಳುತ್ತಿದ್ದ ಹಳೆಯ ಊರಿನ ಸಾಂದ್ರತೆ ಅಲ್ಲಿಗೆ ಬರಲಿಲ್ಲ. ವಿರಳವಾಗಿ ಹರಡಿದ ಊರಿನಲ್ಲಿ ನಡೆದು ಹೋಗಬಹುದಾದ ದೂರ ವಾಹನದ ದೂರವಾಗುತ್ತದೆ.

1946ರಲ್ಲಿ ಹೈದರಾಬಾದಿನ ಪ್ರಧಾನಮಂತ್ರಿಯಾದ ಮಿರ್ಜಾ ಮರುವರ್ಷವೇ ಆ ಹುದ್ದೆಯನ್ನು ತೊರೆದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು.

ಮುಂಬಯಿ, ಪುಣೆ, ಹೈದರಾಬಾದುಗಳ ಅಂಚಿನ ಬಡಾವಣೆಗಳಲ್ಲಿ ಮನೆ ಮಾಡಿರುವ ನಮಗೆ ಈ ಜೀವನದಿಂದ ಕಲಿಯುವುದಿದೆ. ಒಂದು ಬಡಾವಣೆಯ ಬೀದಿ ಪಕ್ಕದ ಬಡಾವಣೆಯ ಗೋಡೆಗೆ ಬಂದು ನಿಂತರೆ, ಕೂಗಳತೆಯ ಶಾಲೆಗೂ ಹೆದ್ದಾರಿ ಸುತ್ತಿಯೇ ಹೋಗಬೇಕು. ಎಲ್ಲರ ಹೊರೆಯೂ ಒಂದೇ ರಸ್ತೆಯ ಮೇಲೆ ಬೀಳುತ್ತದೆ. ಕಟ್ಟಡವನ್ನು ಕೆಡವಿ ಮತ್ತೆ ಕಟ್ಟಬಹುದು; ಬಿಡದೆ ಹೋದ ಬೀದಿಯನ್ನು ಮತ್ತೆ ಪಡೆಯುವುದು ಬಲುಕಷ್ಟ. ಮನೆ ಕೊಳ್ಳುವ ಮುನ್ನ ಒಳಗಿನ ಕೋಣೆಗಳನ್ನು ಎಣಿಸುವ ನಾವು, ಹೊರಗಿನ ಬೀದಿ ಎಲ್ಲೆಲ್ಲಿಗೆ ಕೂಡುತ್ತದೆ ಎಂಬುದನ್ನೂ ಕೇಳುವಂತಾಗಲಿ.