ಕ್ರಿಶ್ಚಿಯನ್ ಬುರ್ಖಾರ್ಡ್: ಜಾಝ್ ಲಯದಿಂದ ಬೆಂಗಳೂರಿನ ತಾಳದವರೆಗೆ

ಬಾಳೆಹೊನ್ನೂರು, ಕೊಪ್ಪ, ಶೃಂಗೇರಿಯ ಕಡೆ ಬಯಲಾಟದ ಚಂಡೆ-ಮದ್ದಳೆಯನ್ನು ಕೇಳುತ್ತ ಬೆಳೆದವರಿಗೆ ಚರ್ಮವಾದ್ಯವು ಹಾಡಿನ ಬೆನ್ನ ಹಿಂದಿನ ಆಸರೆ ಮಾತ್ರವಲ್ಲವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಯುರೋಪಿನ ಜಾಝ್ ವಾದಕನೊಬ್ಬನಿಗೆ ಈ ಅರಿವು ಅಷ್ಟು ಸಹಜವಾದುದಲ್ಲ. ಜರ್ಮನಿಯ ಡ್ರಮ್ ವಾದಕ ಕ್ರಿಶ್ಚಿಯನ್ ಬುರ್ಖಾರ್ಡ್ ಅವರ ಬದುಕು ಗಮನಾರ್ಹವಾಗುವುದು ಈ ಕಾರಣದಿಂದ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಬವೇರಿಯಾದ ಹೋಫ್ ಪಟ್ಟಣದಲ್ಲಿ ಅವರು ಜನಿಸಿದರು. ಡ್ರಮ್‌ನೊಂದಿಗೆ ವೈಬ್ರಫೋನನ್ನೂ ರೂಢಿಸಿಕೊಂಡು, 1960ರ ದಶಕದ ಕೊನೆಯಲ್ಲಿ ಅಮೆರಿಕದ ಪಿಯಾನೋ ವಾದಕ ಮಾಲ್ ವಾಲ್ಡ್ರನ್ ಅವರೊಡನೆ ನುಡಿಸಿದರು. 1969ರಲ್ಲಿ ಮ್ಯೂನಿಕ್‌ನಲ್ಲಿ ಎಡ್ಗರ್ ಹಾಫ್‌ಮನ್ ಮೊದಲಾದವರೊಂದಿಗೆ 'ಎಂಬ್ರಿಯೊ' ತಂಡವನ್ನು ಕಟ್ಟಿದರು. ತಂಡದ ಮೊದಲ ಧ್ವನಿಮುದ್ರಿಕೆ 'ಓಪಲ್' 1970ರಲ್ಲಿ ಹೊರಬಂದಿತು. ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ 1973ರ 'ವಿ ಕೀಪ್ ಆನ್' ಮುದ್ರಿಕೆಯಲ್ಲಿ ಜೊತೆಗೂಡಿದರು. ನಾಗಸ್ವರವನ್ನು ಅಭ್ಯಾಸ ಮಾಡಿದ್ದ ಮರಿಯಾನೊ ಅವರಿಂದ ದಕ್ಷಿಣ ಭಾರತದ ಸಂಗೀತದ ಗಾಳಿ ತಂಡಕ್ಕೆ ತಾಗಿತೆನ್ನಬಹುದು. ಸಂಗೀತಗಾರರೇ ಒಡೆಯರಾಗಿದ್ದ ಧ್ವನಿಮುದ್ರಣ ಸಂಸ್ಥೆಯೊಂದನ್ನು 1976ರಲ್ಲಿ ಸ್ಥಾಪಿಸಿದವರಲ್ಲಿಯೂ ಬುರ್ಖಾರ್ಡ್ ಒಬ್ಬರು. ಮುಂದೆ ಅದು 'ಷ್ನೇಬಾಲ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

1978-79ರಲ್ಲಿ ತಂಡವು ಬಸ್ಸಿನಲ್ಲಿ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಭಾರತಕ್ಕೆ ಬಂದಿತು. ಅಫ್ಘಾನಿಸ್ತಾನದಲ್ಲಿ ಆಗಷ್ಟೇ ಆಡಳಿತ ಬದಲಾಗಿತ್ತು. ಇರಾನ್ ಕ್ರಾಂತಿಯ ಕಾವಿನಲ್ಲಿತ್ತು. ದಾರಿಯುದ್ದಕ್ಕೂ ಸ್ಥಳೀಯ ಕಲಾವಿದರೊಡನೆ ನುಡಿಸುವುದೇ ಪ್ರವಾಸದ ಕ್ರಮವಾಗಿತ್ತು. ವರ್ನರ್ ಪೆನ್ಝೆಲ್ ಈ ಯಾತ್ರೆಯನ್ನು ಚಲನಚಿತ್ರವಾಗಿಸಿದ್ದಾರೆ.

ಕನ್ನಡ ನಾಡಿಗೆ ಮುಖ್ಯವಾಗುವುದು ಇದರ ಮುಂದಿನ ಘಟ್ಟ. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಹಾಗೂ ಮರಿಯಾನೊ ಅವರೊಡನೆ ಎಂಬ್ರಿಯೊ ನುಡಿಸಿದ 'ಲೈಫ್' 1980ರಲ್ಲಿ ಪ್ರಕಟವಾಯಿತು. ಜಾಝ್ ಡ್ರಮ್ ವಾದಕನ ಲಯ ತಾಳಫಲಕದ ಮೇಲೆ ಎಡೆಬಿಡದೆ ಹರಿಯುತ್ತದೆ. ಒತ್ತು ಬೀಳುವ ಜಾಗವನ್ನು ಆತ ಆ ಕ್ಷಣದಲ್ಲಿ ಆರಿಸಿಕೊಳ್ಳುತ್ತಾನೆ. ಮೃದಂಗ ವಾದಕನಿಗಾದರೋ ತಾಳದ ಆವರ್ತವೇ ಅಂಗಳ. ಸೊಲ್ಲುಗಳ ಲೆಕ್ಕವನ್ನು ಮನಸ್ಸಿನಲ್ಲಿ ಹೊತ್ತು, ಮುಕ್ತಾಯವನ್ನು ಮೂರು ಬಾರಿ ನುಡಿಸಿ, ಸಮಕ್ಕೋ ಎಡುಪಿಗೋ ಕರಾರುವಾಕ್ಕಾಗಿ ಬಂದು ನಿಲ್ಲಬೇಕು. ಈ ಎರಡೂ ಒಂದೇ ವೇದಿಕೆಯಲ್ಲಿ ಕೂಡುವಾಗ ಒಂದು ಮತ್ತೊಂದಕ್ಕೆ ಬರಿಯ ಒಗ್ಗರಣೆಯಾಗಿಬಿಡುವ ಅಪಾಯ ಸದಾ ಇದ್ದದ್ದೇ. 'ಸಮ್ಮಿಳನ'ವೆಂಬ ಸುಲಭದ ಮಾತು ಈ ಅಪಾಯವನ್ನು ಮರೆಸುತ್ತದೆ. 'ಲೈಫ್' ಮುದ್ರಿಕೆಯ ಮೇಲೆ ಬೆಂಗಳೂರಿನ ಸಂಸ್ಥೆಯ ಹೆಸರು ಜರ್ಮನ್ ತಂಡದ ಹೆಸರಿನೊಂದಿಗೇ ಅಚ್ಚಾಗಿರುವುದು ಈ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

ಪ್ರವಾಸದ ಬಳಿಕ ತಂಡ ಒಡೆಯಿತು. ಉವೆ ಮ್ಯುಲ್ರಿಶ್ ಮೊದಲಾದವರು ಹೊರಬಂದು 'ಡಿಸಿಡೆಂಟನ್' ತಂಡವನ್ನು ಕಟ್ಟಿ, ಬೆಂಗಳೂರಿನ ಅದೇ ಸಂಸ್ಥೆಯೊಡನೆ 1982ರಲ್ಲಿ 'ಜರ್ಮನಿಸ್ತಾನ್' ಪ್ರಕಟಿಸಿದರು. ಜನಪ್ರಿಯತೆ ಒಲಿದದ್ದು ಬಹುಪಾಲು ಅವರಿಗೆ. ಬುರ್ಖಾರ್ಡ್ ಮಾತ್ರ ಬದಲಾಗುತ್ತಲೇ ಇದ್ದ ಸಂಗಾತಿಗಳೊಂದಿಗೆ ಹಳೆಯ ಹೆಸರಿನಲ್ಲಿಯೇ ಮುಂದುವರಿದರು; 1980ರ ದಶಕದ ನಡುವೆ ನೈಜೀರಿಯಾದ ಯೊರುಬಾ ಡುಂಡುನ್ ವಾದಕರೊಡನೆ ನುಡಿಸಿದರು. ತಮ್ಮ ಲಯಜ್ಞಾನ ಪೂರ್ಣವಾಯಿತೆಂದು ಎಲ್ಲಿಯೂ ನಿಲ್ಲದ ಈ ಸ್ವಭಾವವೇ ಅವರಿಗೆ ದೊಡ್ಡ ಮಾರುಕಟ್ಟೆಯನ್ನು ದೂರ ಮಾಡಿದ್ದಿರಬೇಕು.

2016ರಲ್ಲಿ ಪಾರ್ಶ್ವವಾಯು ಬಡಿದ ಮೇಲೆ ತಂಡದ ಹೊಣೆಯನ್ನು ಮಗಳು ಮಾರ್ಯಾ ಬುರ್ಖಾರ್ಡ್ ವಹಿಸಿಕೊಂಡರು. 2018ರ ಜನವರಿ 17ರಂದು ಬುರ್ಖಾರ್ಡ್ ಮ್ಯೂನಿಕ್‌ನಲ್ಲಿ ನಿಧನರಾದರು. ತಂದೆ ನುಡಿಸುತ್ತಿದ್ದ ವೈಬ್ರಫೋನನ್ನು ಆ ಬಳಿಕ ಎಂಬ್ರಿಯೊ ವೇದಿಕೆಯಲ್ಲಿ ಮಗಳು ನುಡಿಸಿದರು.